ಉಳಿದಿದ್ದು ಕೋರ್ಟಲ್ಲಿ ಹೇಳು

ರೈಟಣ್ಣನ ನಿಜವಾದ ಹೆಸರು ಗೊತ್ತಿದ್ದದ್ದು ಎರಡೇ ಕಡೆ. ಒಂದು ಅವನಿಗೆ ಸಂಬಳ ಕೊಡುತ್ತಿದ್ದ ಬಸ್ ಡಿಪೋ, ಇನ್ನೊಂದು ಕೋರ್ಟು. ಮಿಕ್ಕವರಿಗೆಲ್ಲ ಅವನು ರೈಟಣ್ಣ. ಬಸ್ಸಿನ ಹಿಂಬಾಗಿಲಿನ ಕಂಬಿಗೆ ಬೆನ್ನು ಕೊಟ್ಟು, ಬೆರಳ ಸಂದಿಯಲ್ಲಿ ಟಿಕೆಟ್ಟು ಸಿಕ್ಕಿಸಿಕೊಂಡು, "ರೈಟ್, ರೈಟ್" ಎಂದು ಕೂಗಿ ಕೂಗಿ ಅವನ ಗಂಟಲೇ ಆ ಅಳತೆಗೆ ಹಿಗ್ಗಿತ್ತು. ಪಕ್ಕದವರಿಗೆ ಹೇಳುವ ಗುಟ್ಟು ಮುಂದಿನ ಬೀದಿಗೂ ಕೇಳುತ್ತಿತ್ತು. ಬೈಗುಳದಲ್ಲಿ ಮಹಾ ಧಾರಾಳಿ. ಆದರೆ ಬೈದ ಮರುಗಳಿಗೆಗೆ ಅದನ್ನು ಮರೆತು, ಬೈಸಿಕೊಂಡವರ ಮಗುವನ್ನೇ ಎತ್ತಿಕೊಂಡು ಮೆಟ್ಟಿಲು ಇಳಿಸಿಕೊಡುವ ಆಸಾಮಿ.

ಅವನ ಹೆಂಡತಿ ಟೀಚರಮ್ಮ. ಚಿಕ್ಕ ಮಕ್ಕಳಿಗೆ ಮಗ್ಗಿ ಮತ್ತು ಪದ್ಯ ಬಾಯಿಪಾಠ ಮಾಡಿಸಿಯೇ ನಿವೃತ್ತರಾದವರು. ಗಂಡನಿಗೆ ಏಕವಚನ, ಹೆಂಡತಿಗೆ ಬಹುವಚನ ಯಾಕೆ ಎಂದು ಕೇಳಬೇಡಿ. ಅವರನ್ನು ಬಲ್ಲವರೆಲ್ಲ ಹಾಗೇ ಕರೆಯುವುದು, ಮನೆಯಲ್ಲಿ ರೈಟಣ್ಣನೂ ಹಾಗೇ ಕರೆಯುವುದು. ಟೀಚರಮ್ಮನ ಎದುರು ಒಂದು ಒರಟು ಮಾತು ಆಡುವಂತಿರಲಿಲ್ಲ. ಬಸ್ಸಿನ ಭಾಷೆಯನ್ನು ರೈಟಣ್ಣ ಚಪ್ಪಲಿಯ ಜೊತೆಗೆ ಹೊಸ್ತಿಲ ಆಚೆಗೇ ಬಿಟ್ಟು ಒಳಗೆ ಬರುತ್ತಿದ್ದ.

ಈಗ ಆ ದಿನದ ಸಂಗತಿ. ಅವನು ಇನ್ನೂ ಕೆಲಸದಲ್ಲಿದ್ದ ಕಾಲ. ಬೆಳಗಿನ ಬಸ್ಸು, ಕಾಲಿಡಲು ಜಾಗವಿಲ್ಲ. ನಡುದಾರಿಯಲ್ಲಿ ಯಾರೋ ಒಂದು ಚೀಲ ಬಿಟ್ಟಿದ್ದರು. ಟಿಕೆಟ್ಟು ಕೊಡುತ್ತ ಹಿಂದಿನಿಂದ ಮುಂದಕ್ಕೆ ಹೋಗುವಾಗ ಅದು ಮೊಣಕಾಲಿಗೆ ಬಡಿಯಿತು. ಮುಂದಿನಿಂದ ಹಿಂದಕ್ಕೆ ಬರುವಾಗ ಇನ್ನೊಂದು ಮೊಣಕಾಲಿಗೂ ಬಡಿಯಿತು. ಅಷ್ಟರಲ್ಲಿ ಮರದ ಅಡ್ಡೆಯ ಸ್ಟಾಪಿನಲ್ಲಿ ಒಬ್ಬ ಪೇಂಟರ್ ಹುಡುಗ ಹತ್ತಿದ. ಅಂಗಿಯ ತುಂಬ ಸುಣ್ಣದ ಕಲೆ, ಕೈಯಲ್ಲಿ ಎರಡು ಬ್ರಷ್ಷು. ಅವನ ಅದೃಷ್ಟಕ್ಕೆ, ಅಲ್ಲ, ಅವನ ಗ್ರಹಚಾರಕ್ಕೆ ಆ ಚೀಲದ ಪಕ್ಕದ ಸೀಟು ಆಗತಾನೇ ಖಾಲಿಯಾಯಿತು. ಅವನು ಕೂತದ್ದೇ ತಡ, ರೈಟಣ್ಣ ಚೀಲವನ್ನೆತ್ತಿ ಅವನ ತೊಡೆಯ ಮೇಲೆ ಕುಕ್ಕಿದ. ಎರಡು ಸ್ಟಾಪು ಕಳೆಯುವಷ್ಟರಲ್ಲಿ ಪೊಲೀಸರು ಬಸ್ಸಿಗೆ ಕೈ ಅಡ್ಡ ಹಾಕಿ ತಪಾಸಣೆ ನಡೆಸಿದರು. ಚೀಲದೊಳಗೆ ಹಳೆ ಬಟ್ಟೆ, ಬಟ್ಟೆಯ ಕೆಳಗೆ ಪೊಟ್ಟಣಗಳು, ಪೊಟ್ಟಣದ ತುಂಬ ಅಮಲಿನ ಪುಡಿ. ಚೀಲದ ಒಡೆಯ ಯಾವ ಸ್ಟಾಪಿನಲ್ಲಿ ಇಳಿದು ಯಾವ ಕಡೆ ಹೋದನೋ ಇವತ್ತಿಗೂ ಗೊತ್ತಿಲ್ಲ.

ರೈಟಣ್ಣ ಸ್ಟೇಷನ್ನಿಗೆ ಹೋಗಿ ಎಲ್ಲವನ್ನೂ ಹೇಳಿದ. ಇನ್ಸ್‌ಪೆಕ್ಟರ್ ಬರೆಸಿದ್ದು ಒಂದೇ ಸಾಲು: ಚೀಲ ಹುಡುಗನ ತೊಡೆಯ ಮೇಲಿತ್ತು.

"ಸಾರ್, ನಾನೇ ಅಲ್ಲಿಟ್ಟಿದ್ದು. ಅವ್ನು ಹತ್ತೋಕೆ ಮುಂಚೇನೇ ಚೀಲ ಬಸ್ಸಲ್ಲಿತ್ತು. ಅದನ್ನೂ ಬರ್ಕೊಳಿ."

"ಆಯ್ತಪ್ಪ, ಉಳಿದಿದ್ದು ಕೋರ್ಟಲ್ಲಿ ಹೇಳು," ಎಂದು ಇನ್ಸ್‌ಪೆಕ್ಟರ್ ಎದ್ದು ಹೋದರು.

ಕೋರ್ಟೆಂದರೆ ಮುಂದಿನ ವಾರವೋ, ಹೆಚ್ಚೆಂದರೆ ಮುಂದಿನ ತಿಂಗಳೋ ಎಂದುಕೊಂಡಿದ್ದ ಪಾಪದ ಮನುಷ್ಯ. ಇಂಥ ಕೇಸಿನಲ್ಲಿ ಜಾಮೀನು ಸುಲಭಕ್ಕೆ ಸಿಗುವುದಿಲ್ಲ, ಹುಡುಗ ಜೈಲಿನಲ್ಲೇ ಇರುತ್ತಾನೆ ಎಂದು ತಿಳಿದಾಗ, ಪರವಾಗಿಲ್ಲ, ಇನ್ನೇನು ನಾನು ಹೋಗಿ ಹೇಳಿದರೆ ಬಿಟ್ಟುಬಿಡುತ್ತಾರೆ ಎಂದು ಟೀಚರಮ್ಮನಿಗೆ ಧೈರ್ಯ ಹೇಳಿದ್ದ.

ಮೊದಲು ಪುಡಿಯ ಪರೀಕ್ಷೆಯ ವರದಿ ಬರಬೇಕಿತ್ತು. ಅದು ಬರುವ ಹೊತ್ತಿಗೆ ಎರಡು ಬೇಸಿಗೆ ಕಳೆದಿತ್ತು. ಬಂದ ಮೇಲೆ ನೋಡಿದರೆ ಅದು ಬೇರೆ ಯಾವುದೋ ಕೇಸಿನ ವರದಿ. ಸರಿಯಾದದ್ದು ಸಿಗುವಷ್ಟರಲ್ಲಿ ಜಡ್ಜಿಗೆ ವರ್ಗವಾಯಿತು. ಹೊಸ ಜಡ್ಜ್ ಬಂದು ಕಡತದ ದಾರ ಬಿಚ್ಚುವಾಗ ಇನ್ಸ್‌ಪೆಕ್ಟರಿಗೆ ವರ್ಗವಾಯಿತು. ಸರ್ಕಾರಿ ವಕೀಲರು ಬಂದ ದಿನ ಹುಡುಗನ ವಕೀಲರಿಗೆ ಜ್ವರ. ಇಬ್ಬರೂ ಬಂದ ದಿನ ಜೈಲಿನಿಂದ ಹುಡುಗನನ್ನು ತರುವ ವ್ಯಾನಿಗೆ ಡ್ರೈವರಿಲ್ಲ. ಎಲ್ಲರೂ ಬಂದು, ವ್ಯಾನೂ ಬಂದು, ರೈಟಣ್ಣ ಅಂಗಿಯ ಕಾಲರು ಸರಿ ಮಾಡಿಕೊಂಡು ಎದ್ದು ನಿಂತ ದಿನ ಬೇರೊಂದು ಕೇಸು ಸಂಜೆಯವರೆಗೂ ಎಳೆಯಿತು. "ವಾಯಿದೆ," ಎಂದು ಗುಮಾಸ್ತ ಬೇರೆ ತಾರೀಖು ಹೇಳಿದ. ಮುಂದಿನ ದಿನಕ್ಕೆ ಹಾಕುವುದಕ್ಕೆ ಅಲ್ಲಿ ಹಾಗೆ ಹೇಳುತ್ತಾರೆ. ರೈಟಣ್ಣನಿಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಅವನ ಜೀವಮಾನದ ಕೆಲಸವೇ ನಿಂತ ಬಸ್ಸನ್ನು ಹೊರಡಿಸುವುದು. ಇಲ್ಲಿ ನೋಡಿದರೆ ಬಸ್ಸು ಸ್ಟಾರ್ಟೇ ಆಗುತ್ತಿಲ್ಲ, ಜನ ಮಾತ್ರ ಕೂತು ಮುದುಕರಾಗುತ್ತಿದ್ದಾರೆ.

ಕೋರ್ಟು ಹಾಲಿನ ಹೊರಗೆ ಒಂದು ಬೆಂಚಿತ್ತು. ಅದರ ಒಂದು ತುದಿಗೆ ರೈಟಣ್ಣ, ಇನ್ನೊಂದು ತುದಿಗೆ ಹುಡುಗನ ಅಕ್ಕ. ಹೊಲಿಗೆ ಕೆಲಸದವಳು. ಬರುವಾಗಲೇ ಒಂದಷ್ಟು ಅಂಗಿ ತಂದು, ಕೂತಲ್ಲೇ ಗುಂಡಿ ಹಾಕುತ್ತಿದ್ದಳು. ಸಾಕ್ಷಿ ಹೇಳುವವರು ಆರೋಪಿಯ ಕಡೆಯವರ ಜೊತೆ ಮಾತಾಡಿದರೆ ನಾಳೆ ಅದೇ ತೊಂದರೆಯಾಗುತ್ತದೆ ಎಂದು ಯಾರೋ ಇಬ್ಬರನ್ನೂ ಹೆದರಿಸಿದ್ದರು. ಹಾಗಾಗಿ ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಕೂತರೂ ಒಂದಕ್ಷರ ಆಡಿದವರಲ್ಲ. ಒಮ್ಮೆ ರೈಟಣ್ಣನಿಗೆ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂದಾಗ ಅವಳು ಗೋಡೆ ನೋಡುತ್ತಲೇ ನೀರಿನ ಬಾಟಲಿಯನ್ನು ಇವನ ಕಡೆಗೆ ತಳ್ಳಿದಳು. ಇವನೂ ಗೋಡೆ ನೋಡುತ್ತಲೇ ಕುಡಿದ. ಮಾತಿಲ್ಲದೆ ಕೂರುವುದು ರೈಟಣ್ಣನಂಥವನಿಗೆ ಎಂಥ ಶಿಕ್ಷೆ ಎಂದು ನೀವೇ ಊಹಿಸಿ.

ಹುಡುಗನನ್ನು ಮಾತ್ರ ನೋಡಲಾಗುತ್ತಿರಲಿಲ್ಲ. ಪೊಲೀಸರ ನಡುವೆ ನಡೆದು ಬರುತ್ತಿದ್ದ. ಮೊದಮೊದಲು ಸುತ್ತ ಕಣ್ಣಾಡಿಸುತ್ತಿದ್ದ, ಅಕ್ಕನನ್ನು ಕಂಡರೆ ನಗಲು ನೋಡುತ್ತಿದ್ದ. ಆಮೇಲಾಮೇಲೆ ತಲೆ ಎತ್ತುವುದನ್ನೇ ಬಿಟ್ಟ. ಬಸ್ಸು ಹತ್ತುವಾಗ ಮೀಸೆ ಚಿಗುರುತ್ತಿದ್ದವನ ಕಿವಿಯ ಪಕ್ಕ ಬಿಳಿ ಕೂದಲು ಬಂದಿತ್ತು. ಅವನನ್ನು ಕಂಡ ದಿನ ರೈಟಣ್ಣನಿಗೆ ಊಟ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ರೈಟಣ್ಣ ನಿವೃತ್ತನಾದ. ನಿವೃತ್ತನಾದ ಮೇಲೆ ಮರೆವು ಶುರುವಾಯಿತು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದು ಎಲ್ಲರೂ ಮಾಡುವ ಕೆಲಸ, ಬಿಡಿ. ಒಂದು ದಿನ ಮಗಳನ್ನು ತಂಗಿಯ ಹೆಸರಿನಿಂದ ಕರೆದ. ಇನ್ನೊಂದು ದಿನ ತಾನು ಇಷ್ಟು ವರ್ಷ ಓಡಾಡಿದ ರೂಟಿನಲ್ಲಿ ಆಸ್ಪತ್ರೆಯ ಸ್ಟಾಪು ಮೊದಲೋ ಮಾರ್ಕೆಟ್ಟು ಮೊದಲೋ ಎಂದು ತಡವರಿಸಿದ. ಆಗ ಅವನಿಗೆ ಕೇಸಿನ ನೆನಪಾಯಿತು.

"ಟೀಚರೇ, ಕೋರ್ಟಲ್ಲಿ ಕರೆಯೋಷ್ಟರಲ್ಲಿ ನಾನು ಮರ್ತುಬಿಟ್ರೆ?" ಎಂದ.

ಬಸ್ಸಿನಲ್ಲಿ ಅಷ್ಟೊಂದು ಜನ ಇದ್ದರೂ ಪೊಲೀಸರು ಬೇರೆ ಯಾರ ಹೆಸರನ್ನೂ ಬರೆದುಕೊಂಡಿರಲಿಲ್ಲ. ಚೀಲ ಎತ್ತಿಟ್ಟದ್ದನ್ನು ಹೇಳಲು ಈ ಲೋಕದಲ್ಲಿ ಇದ್ದದ್ದು ಇವನೊಬ್ಬನೇ. ಇವನಿಗೆ ಮರೆತುಹೋದರೆ ಹುಡುಗ ಒಳಗೇ ಕೊಳೆಯಬೇಕು. ಮಾರನೆಯ ಬೆಳಗ್ಗೆಯೇ ಟೀಚರಮ್ಮ ಪಾಠ ಶುರು ಮಾಡಿದರು.

ಪಾಠವೆಂದರೆ ಪಾಠವೇ. ರೈಟಣ್ಣ ಹೇಳಿದ್ದನ್ನು ತಿದ್ದಿ, ತೀಡಿ, ಕೋರ್ಟಿಗೆ ಒಪ್ಪುವ ಹಾಗೆ ಚಂದದ ಭಾಷೆಗೆ ತಂದರು. ಅವನು ಬಟಾಣಿ ಸುಲಿಯುವಾಗ ಹೇಳಿಸಿದರು, ಗಡ್ಡ ಕೆರೆಯುವಾಗ ಹೇಳಿಸಿದರು. ಎಡವಿದರೆ ಮೊದಲಿನಿಂದ. ಚೀಲದ ಬಣ್ಣ ಅವನು ಒಂದು ದಿನ ಕಪ್ಪೆಂದ, ಒಂದು ದಿನ ನೀಲಿಯೆಂದ. "ಯಾವ್ದಾದ್ರೂ ಒಂದು ಕಡೆ ನಿಲ್ರೀ," ಎಂದು ಟೀಚರಮ್ಮ ಕಪ್ಪು ಎಂದು ಗಟ್ಟಿ ಮಾಡಿಸಿದರು. "ನೀವು ಆ ಹುಡುಗನಿಗೆ ಏನಂದ್ರಿ?" ಎಂದು ಕೇಳಿದಾಗ ರೈಟಣ್ಣ ತಲೆ ಕೆರೆದುಕೊಂಡು, "ಚೀಲ ತೊಡೆ ಮೇಲಿಟ್ಕೊಳ್ಳಪ್ಪ ಅಂದೆ," ಎಂದ. ಅಂದದ್ದು ಬೇರೆಯೇ. ಆ ಮಾತನ್ನು ಟೀಚರಮ್ಮನ ಮುಂದೆ ಆಡಲು ಅವನಿಗೆ ಎಂಟೆದೆ ಬೇಕಿತ್ತು. ಅದಕ್ಕೆ ಟೀಚರಮ್ಮ ಒಂದು "ದಯವಿಟ್ಟು" ಸೇರಿಸಿದರು.

ಅಂತೂ ಇಂತೂ ಒಂದು ದಿನ ಎಲ್ಲವೂ ಕೂಡಿಬಂತು. ವ್ಯಾನು ಬಂತು, ವಕೀಲರು ಬಂದರು, ಗುಮಾಸ್ತ ರೈಟಣ್ಣನ ನಿಜವಾದ ಹೆಸರು ಕೂಗಿದ. ಯಾರನ್ನೋ ಕರೆಯುತ್ತಿದ್ದಾರೆ ಎಂದು ರೈಟಣ್ಣ ಕೂತೇ ಇದ್ದ. ಆ ದಿನ ಜೊತೆಗೆ ಬಂದಿದ್ದ ಟೀಚರಮ್ಮ ತಿವಿದ ಮೇಲೆ ಎದ್ದ.

ಹೋಗಿ ಸಾಕ್ಷಿ ಕಟ್ಟೆ ಹತ್ತಿದ. ಈ ಕೇಸಿಗೆ ಅದು ಮೂರನೆಯ ಜಡ್ಜ್, ಒಬ್ಬ ಹೆಂಗಸು. ಸರ್ಕಾರಿ ವಕೀಲರಿಗೆ ಬೇಕಿದ್ದದ್ದು ಚೀಲ ಹುಡುಗನ ತೊಡೆಯ ಮೇಲಿತ್ತು ಎಂಬ ಒಂದೇ ಮಾತು. "ಆ ದಿನ ನೀವೇನು ನೋಡಿದ್ರಿ?" ಎಂದು ಕೇಳಿದರು. ರೈಟಣ್ಣ ಕೈಕಟ್ಟಿ, ಕಣ್ಣನ್ನು ಸೂರಿಗೆ ನೆಟ್ಟು ಶುರು ಮಾಡಿದ.

"ಸದರಿ ದಿನದಂದು ಪ್ರಯಾಣಿಕರ ದಟ್ಟಣೆಯು ಅಧಿಕವಾಗಿದ್ದು, ವಾರಸುದಾರರಿಲ್ಲದ ಕಪ್ಪು ಬಣ್ಣದ ಚೀಲವೊಂದು ದಾರಿಗೆ ಅಡ್ಡಲಾಗಿದ್ದುದರಿಂದ, ದಯವಿಟ್ಟು ಇದನ್ನು ತೊಡೆಯ ಮೇಲೆ ಇರಿಸಿಕೊಳ್ಳಬೇಕೆಂದು ನಾನು ಸದರಿ ಯುವಕನಲ್ಲಿ ವಿನಂತಿಸಿ..."

"ಒಂದ್ನಿಮಿಷ," ವಕೀಲರು ಕೈ ಎತ್ತಿದರು. "ನೀವು ಬಸ್ಸಲ್ಲೂ ಹಿಂಗೇ ಮಾತಾಡ್ತಿದ್ರಾ?"

ತಡೆದರೆ ಮೊದಲಿನಿಂದ ಎಂದಲ್ಲವೇ ಅಭ್ಯಾಸ? ರೈಟಣ್ಣ ಗಂಟಲು ಸರಿ ಮಾಡಿಕೊಂಡು, "ಸದರಿ ದಿನದಂದು ಪ್ರಯಾಣಿಕರ ದಟ್ಟಣೆಯು..." ಎಂದ. ಹಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಇದನ್ನ ಯಾರು ಹೇಳಿಕೊಟ್ರು ನಿಮಗೆ?"

"ನನ್ನ ಹೆಂಡ್ತಿ ಸಾರ್," ಎಂದ ರೈಟಣ್ಣ. ಸುಳ್ಳು ಹೇಳಬಾರದು ಎಂದು ಆಗತಾನೇ ಪ್ರಮಾಣ ಮಾಡಿಸಿದ್ದರು.

ಹಾಲೆಲ್ಲ ಗೊಳ್ಳೆಂದಿತು. ಹುಡುಗನ ವಕೀಲರು ಹಣೆ ಹಿಡಿದುಕೊಂಡರು. "ಮೇಡಂ, ಇದು ಹೇಳಿಕೊಟ್ಟ ಸಾಕ್ಷಿ ಅಂತ ಅವರೇ ಒಪ್ಪಿದ್ದಾರೆ. ಪೊಲೀಸರ ಮುಂದೆ ಕೊಟ್ಟ ಹೇಳಿಕೇಲಿ ಈ ವಿನಂತಿಗಿನಂತಿ ಒಂದೂ ಇಲ್ಲ," ಎಂದು ಸರ್ಕಾರಿ ವಕೀಲರು ಗೆದ್ದವರ ಹಾಗೆ ಕೂತರು. ರೈಟಣ್ಣನಿಗೆ ಏನೋ ಎಡವಟ್ಟಾಗಿದೆ ಎಂದು ಅರ್ಥವಾಯಿತು, ಎಲ್ಲಿ ಎಂದು ಅರ್ಥವಾಗಲಿಲ್ಲ. ಬಾಗಿಲ ಹತ್ತಿರ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಇಷ್ಟು ವರ್ಷ ಜೋಪಾನ ಮಾಡಿದ್ದನ್ನು ಒಂದೇ ಗಳಿಗೆಯಲ್ಲಿ ಹಾಳು ಮಾಡಿಬಿಟ್ಟೆನಲ್ಲ ಎಂದು ಅವನ ಜೀವ ಬಾಯಿಗೆ ಬಂತು.

ಜಡ್ಜ್ ಮಾತ್ರ ನಕ್ಕಿರಲಿಲ್ಲ. "ನಿಮ್ಮ ಮನೆಯವರು ಹೇಳಿಕೊಟ್ಟಿದ್ದನ್ನ ಪಕ್ಕಕ್ಕಿಡಿ," ಎಂದರು. "ಅದಕ್ಕೆ ಮುಂಚೆ ನಿಮಗೆ ಏನು ಗೊತ್ತಿತ್ತೋ ಅದನ್ನ ಹೇಳಿ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ."

ರೈಟಣ್ಣ ಕಟ್ಟಿದ್ದ ಕೈ ಬಿಟ್ಟ. ತಲೆಯೊಳಗೆ ಪಾಠವನ್ನು ಸರಿಸಿ ನೋಡಿದರೆ ಅದರ ಹಿಂದೆ ಬಹಳಷ್ಟು ಜಾಗ ಖಾಲಿಯಾಗಿತ್ತು.

"ಚೀಲದ ಬಣ್ಣ ಗೊತ್ತಿಲ್ಲ ತಾಯಿ," ಎಂದ. "ಕಪ್ಪು ಅಂತ ಮನೇಲಿ ಗಟ್ಟಿ ಮಾಡ್ಸಿದ್ರು. ನಂಗೆ ನಿಜವಾಗ್ಲೂ ಗೊತ್ತಿಲ್ಲ. ಎಷ್ಟನೇ ಸೀಟು ಅಂತಾನೂ ನೆನಪಿಲ್ಲ. ಅವತ್ತು ಯಾವ ವಾರ ಅಂತಾನೂ ಹೋಗ್ಬಿಟ್ಟಿದೆ."

"ಮತ್ತೆ ಏನು ನೆನಪಿದೆ?"

"ಮೊಣಕಾಲು ನೆನಪಿದೆ. ಎರಡ್ ಸಲ ಬಡಿದಿತ್ತು. ಎರಡೂ ಸಲ ಈ ಹುಡುಗ ಇನ್ನೂ ಹತ್ತಿರ್ಲಿಲ್ಲ. ಆಮೇಲೆ ಅವ್ನಿಗೆ ನಾನು ಅಂದಿದ್ದು ನೆನಪಿದೆ. ಆದ್ರೆ ಅದ್ರಲ್ಲಿ ಸ್ವಲ್ಪ ಕೆಟ್ಟ ಮಾತಿದೆ ತಾಯಿ."

"ಪರವಾಗಿಲ್ಲ. ಇಲ್ಲಿ ಅದಕ್ಕಿಂತ ಕೆಟ್ಟದ್ದು ದಿನಾ ಕೇಳ್ತೀನಿ."

ರೈಟಣ್ಣ ಒಮ್ಮೆ ಬಾಗಿಲ ಕಡೆ ನೋಡಿದ. ಟೀಚರಮ್ಮ ಅಲ್ಲೇ ನಿಂತಿದ್ದರು. ಆದದ್ದಾಗಲಿ ಎಂದು ಎರಡೂ ಕೈಯಿಂದ ಕಟ್ಟೆಯ ಕಂಬಿ ಹಿಡಿದುಕೊಂಡ. ವರ್ಷಗಳಿಂದ ಒಳಗೇ ಇದ್ದ ಗಂಟಲು ತಾನಾಗಿ ಹೊರಬಂತು.

"'ಏಯ್ ಕೋಣ! ದಾರೀಲಿ ಗಂಟು ಬಿಟ್ರೆ ಜನ ನನ್ನ ತಲೆ ಮೇಲೆ ಹತ್ತಿ ಹೋಗ್ಬೇಕಾ? ಎತ್ತಿ ತೊಡೆ ಮೇಲಿಟ್ಕೊ!' ಅಂದೆ. 'ಅಣ್ಣ, ಇದು ನಂದಲ್ಲ' ಅಂದ ಅವ್ನು. 'ನಿಂದಲ್ದಿದ್ರೆ ನಮ್ಮಪ್ಪಂದಾ? ಬಾಯ್ಮುಚ್ಕೊಂಡು ಇಟ್ಕೊಳ್ಳೋ ಬಡ್ಡಿಮಗನೇ!' ಅಂತ ಹೇಳಿ ನಾನೇ ಎತ್ತಿ ಅವ್ನ ತೊಡೆ ಮೇಲೆ ಕುಕ್ಕಿದೆ. ಕುಕ್ಕಿ, ರೈಟ್ ಅಂದೆ, ಬಸ್ಸು ಹೊರಡ್ತು."

ಕಿಟಕಿಯ ಹೊರಗೆ ಹೋಗುತ್ತಿದ್ದವರೂ ನಿಂತು ಒಳಗೆ ನೋಡಿದರು. ಹಾಲಿನಲ್ಲಿ ಒಬ್ಬರೂ ನಗಲಿಲ್ಲ. ಆರೋಪಿಯ ಕಟಕಟೆಯಲ್ಲಿ ಹುಡುಗ ತಲೆ ಎತ್ತಿದ್ದ. ಅಷ್ಟು ವರ್ಷದಲ್ಲಿ ಮೊದಲ ಸಲ ರೈಟಣ್ಣನ ಮುಖವನ್ನು ನೆಟ್ಟಗೆ ನೋಡುತ್ತಿದ್ದ.

"ಇದನ್ನ ಪೊಲೀಸರಿಗೆ ಹೇಳಿದ್ರಾ?"

"ಹೇಳ್ದೆ ತಾಯಿ. ಉಳಿದಿದ್ದು ಕೋರ್ಟಲ್ಲಿ ಹೇಳು ಅಂದ್ರು. ಅವತ್ತಿಂದ ಹೇಳೋಕೆ ಬರ್ತಾನೇ ಇದೀನಿ."

ಟೈಪಿಸ್ಟ್ ಕೈ ನಿಲ್ಲಿಸಿ, "ಮೇಡಂ, ಕೋಣ ಅನ್ನೋದನ್ನ ಹಾಗೇ ಹಾಕ್ಲಾ?" ಎಂದು ಕೇಳಿದ.

"ಹಾಗೇ ಹಾಕಿ. ಒಂದಕ್ಷರ ಬಿಡಬೇಡಿ," ಎಂದರು ಜಡ್ಜ್.

ರೈಟಣ್ಣನಿಗೆ ಆಗ ಆದ ನಿರಾಳವನ್ನು ಏನೆಂದು ಹೇಳಲಿ. ಕಟ್ಟೆ ಇಳಿಯುವಾಗ ಹೆಗಲ ಮೇಲಿಂದ ಒಂದು ಮೂಟೆ ಇಳಿಸಿದ ಹಾಗಿತ್ತು. ಕೇಸು ಏನಾಗುತ್ತದೋ ಇನ್ನೂ ಗೊತ್ತಿರಲಿಲ್ಲ. ಆದರೆ ಮರೆಯುವ ಮೊದಲು ಹೇಳಿದ್ದಾಯಿತು, ಅದನ್ನು ಬರೆದುಕೊಂಡದ್ದೂ ಆಯಿತು.

ಹೊರಗೆ ಟೀಚರಮ್ಮ ಅವನ ಜೊತೆ ಬಸ್ ಸ್ಟಾಪಿನವರೆಗೂ ನಡೆದು ಬಂದರು. ಆಮೇಲೆ, "ಬಡ್ಡಿಮಗ ಅಂದ್ರಾ?" ಎಂದರು.

"ಅಂದಿದ್ದೆ."

"ನಾನು ಅದಕ್ಕೆ ದಯವಿಟ್ಟು ಸೇರ್ಸಿದ್ದೆ," ಎಂದು ಟೀಚರಮ್ಮ ನಗಲು ಶುರು ಮಾಡಿದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. "ನನ್ನ ಪಾಠದಿಂದ ಆ ಮಗು ಒಳಗೇ ಉಳಿಯೋದ್ರಲ್ಲಿತ್ತಲ್ರೀ!"

"ನಿಮ್ಮ ಪಾಠ ಇಲ್ದಿದ್ರೆ ಹತ್ತಿದ್ದು ಬಸ್ಸೋ ರೈಲೋ ಅನ್ನೋದೂ ಮರ್ತಿರ್ತಿದ್ದೆ ಬಿಡಿ," ಎಂದ ರೈಟಣ್ಣ. ಹೆಂಡತಿಯನ್ನು ಸಮಾಧಾನ ಮಾಡಲು ಹೇಳಿದ್ದೇ ಆದರೂ ಅದರಲ್ಲಿ ಅರ್ಧ ನಿಜವಿತ್ತು.

ಆಮೇಲೆ ಕೇಸು ತಕ್ಷಣ ಓಡಿತೆಂದು ಯಾರೂ ತಿಳಿಯಬೇಡಿ. ಹಳೆಯ ಇನ್ಸ್‌ಪೆಕ್ಟರನ್ನು ಹುಡುಕಿ ಕರೆಸಲು ಎರಡು ವಾಯಿದೆ ಬೇಕಾಯಿತು. ತಪಾಸಣೆಯ ದಿನವೇ ಹುಡುಗ ಕಂಡಕ್ಟರನ್ನು ತೋರಿಸಿ "ಇವ್ರೇ ಕೊಟ್ಟಿದ್ದು" ಎಂದು ಕೂಗಿದ್ದು ಹೌದು ಎಂದು ಅವರು ಗೊಣಗಿಕೊಂಡು ಒಪ್ಪಿದರು. ತೀರ್ಪಿನ ದಿನ ಕರೆಂಟು ಹೋಗಿ ಅದೂ ಒಂದು ವಾರ ಮುಂದಕ್ಕೆ ಬಿತ್ತು. ತೀರ್ಪು ಓದಿದ ದಿನ ಸಾಕ್ಷಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ಆದರೂ ರೈಟಣ್ಣ ಹೋಗಿ ಬೆಂಚಿನ ತನ್ನ ತುದಿಯಲ್ಲಿ ಕೂತಿದ್ದ.

ಒಳಗಿನಿಂದ ಹುಡುಗನ ವಕೀಲರು ಓಡಿಬಂದು, "ಬಿಡುಗಡೆ!" ಎಂದರು. ಅಕ್ಕ ಎದ್ದಳು, ಕೂತಳು, ಮತ್ತೆ ಎದ್ದಳು. ತೊಡೆಯ ಮೇಲಿದ್ದ ಗುಂಡಿಗಳೆಲ್ಲ ನೆಲಕ್ಕೆ ಬಿದ್ದು ಉರುಳಿದವು. ರೈಟಣ್ಣ ಬಗ್ಗಿ ಒಂದೊಂದೇ ಆರಿಸತೊಡಗಿದ, ಯಾಕೆಂದರೆ ಅವನ ಕಣ್ಣಲ್ಲೂ ನೀರು ತುಂಬಿತ್ತು, ಅದನ್ನು ತೋರಿಸಲು ಇಷ್ಟವಿರಲಿಲ್ಲ.

"ಅಣ್ಣ," ಎಂದಳು ಅಕ್ಕ, "ಈಗ ಮಾತಾಡಬಹುದಾ?"

"ಈಗ ಮಾತಾಡಬಹುದು ಕಣಮ್ಮ."

ಎಂದದ್ದೇನೋ ಆಯಿತು, ಇಬ್ಬರಿಗೂ ಮಾತೇ ಹೊರಡಲಿಲ್ಲ. ಕೊನೆಗೆ ಅವಳು, ನಾಳೆ ಜೈಲಿನ ಬಾಗಿಲಿಗೆ ನೀವೂ ಬರಬೇಕು, ಟೀಚರಮ್ಮನವರನ್ನೂ ಕರೆದುಕೊಂಡು ಬರಬೇಕು ಎಂದಷ್ಟೇ ಹೇಳಿದಳು.

ಮಾರನೆಯ ಮಧ್ಯಾಹ್ನ ಮೂವರೂ ಆ ದೊಡ್ಡ ಬಾಗಿಲಿನ ಎದುರು ಕಾದರು. ಕಾಗದಪತ್ರ ಬರುವುದು ತಡವಾಯಿತು. ತಡವಾಗದಿದ್ದರೇ ಅವರಿಗೆ ಗಾಬರಿಯಾಗುತ್ತಿತ್ತು. ದೊಡ್ಡ ಬಾಗಿಲಿನೊಳಗಿನ ಚಿಕ್ಕ ಬಾಗಿಲು ತೆರೆದು ಹುಡುಗ ಬಗ್ಗಿ ಹೊರಬಂದ. ಅಕ್ಕ ಅವನ ಮುಖ, ತಲೆ, ತೋಳು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅವನು ನಿಧಾನಕ್ಕೆ ರೈಟಣ್ಣನ ಹತ್ತಿರ ಬಂದ.

ತನ್ನಿಂದಲೇ ಅಲ್ಲವೇ ಇವನು ಒಳಗೆ ಹೋದದ್ದು, ಈಗ ಏನೆನ್ನುತ್ತಾನೋ ಎಂದು ರೈಟಣ್ಣ ಬೈಗುಳಕ್ಕೂ ತಯಾರಾಗಿದ್ದ, ಎರಡೇಟಿಗೂ ತಯಾರಾಗಿದ್ದ. ಹುಡುಗ ಎರಡನ್ನೂ ಕೊಡಲಿಲ್ಲ.

"ಅಣ್ಣ, ಇನ್ನೊಂದ್ಸಲ ಹೇಳ್ತೀರಾ?" ಎಂದ. "ಅವತ್ತು ನಾನು, ನಂದಲ್ಲ ಅಂದೆ, ಅಲ್ವಾ?"

"ಅಂದೆ ಕಣಪ್ಪ. ನನ್ನ ಕಿವಿಯಾರೆ ಕೇಳಿದೀನಿ."

"ನಂಗೆ ಮರ್ತೇ ಹೋಗಿತ್ತು," ಎಂದ ಹುಡುಗ. "ಎಲ್ರೂ ನಿಂದು, ನಿಂದು ಅಂತಾನೇ ಇದ್ರು. ಒಳಗೆ ಕೂತು ಕೂತು, ನಂದೇ ಇರ್ಬೋದೇನೋ ಅಂತ ನಂಗೇ ಅನ್ನಿಸೋಕೆ ಶುರುವಾಗಿತ್ತು."

ರೈಟಣ್ಣನಿಗೆ ತಡೆಯಲಾಗಲಿಲ್ಲ. ಹುಡುಗನ ಎರಡೂ ಕೈ ಹಿಡಿದುಕೊಂಡ.

"ನಿಂದಲ್ಲ ಕಣೋ ಕೋಣ," ಎಂದ. "ನಿಂದಲ್ಲ."

ಹುಡುಗ ನಕ್ಕ. ಟೀಚರಮ್ಮ ಆ ಮಾತನ್ನು ತಿದ್ದಲಿಲ್ಲ.